ಶಿರಾಡಿ ಹತ್ತಿ ಇಳಿಯಬಲ್ಲ ಅಗ್ಗದ ಕಾರು ಬೇಕು: ವಿದ್ಯುತ್ ಕಾರು ತಯಾರಕರಿಗೆ ಹಾಸನ–ಚಿಕ್ಕಮಗಳೂರಿನಿಂದ ಬಹಿರಂಗ ಪತ್ರ

ಕಡಿಮೆ ಬೆಲೆಯ ವಿದ್ಯುತ್ ಕಾರು ತಯಾರಿಸಲು ಹೊರಟಿರುವ ಕಂಪನಿಗಳ ವಿನ್ಯಾಸ ವಿಭಾಗದವರಿಗೆ, ಅವರಿಗೆ ಬ್ಯಾಟರಿ, ಮೋಟರ್, ಚಾರ್ಜರ್ ಒದಗಿಸುವ ಪೂರೈಕೆದಾರರಿಗೆ,

ನಮಸ್ಕಾರ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಗಾಡಿ ರಿಪೇರಿ, ಆಟೋ ಎಲೆಕ್ಟ್ರಿಕಲ್ ಕೆಲಸ, ಮನೆ ಮತ್ತು ತೋಟದ ವೈರಿಂಗ್ ಮಾಡುವವರು ಕೂಡಿ ಬರೆಯುತ್ತಿರುವ ಪತ್ರವಿದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ವಿದ್ಯುತ್ ಕಾರಿನದು 2019ರ ಆಗಸ್ಟ್‌ನಿಂದಲೂ 5% ಇದ್ದು, ಅಲ್ಲಿಗೇ ನಿಂತಿದೆ. ಅಂದರೆ ತೆರಿಗೆಯಲ್ಲಿ ನಿಮಗಿದ್ದ ಅನುಕೂಲ ಕಡಿಮೆಯಾಗಿದೆ, ಬೆಲೆಯಲ್ಲಿ ಪೆಟ್ರೋಲ್ ಕಾರಿಗೆ ಸರಿಗಟ್ಟಬೇಕಾದರೆ ನೀವು ಖರ್ಚು ಕಡಿಮೆ ಮಾಡಲೇಬೇಕು. ಎಲ್ಲಿ ಕಡಿಮೆ ಮಾಡುತ್ತೀರಿ ಎಂಬುದೇ ನಮ್ಮ ಚಿಂತೆ. ಬೆಂಗಳೂರಿನ ಸಮತಟ್ಟು ರಸ್ತೆಯಲ್ಲಿ ಅನಗತ್ಯವೆಂದು ಕಾಣುವ ಹಲವು ಭಾಗಗಳು ಸಕಲೇಶಪುರ, ಮೂಡಿಗೆರೆಯಲ್ಲಿ ಗಾಡಿಯ ಜೀವ. ಅಂಥವನ್ನು ತೆಗೆದು ಪರದೆ, ಸನ್‌ರೂಫ್ ಉಳಿಸಿಕೊಂಡರೆ ನಿಮ್ಮ ಕಾರು ಅಗ್ಗವಾಗಬಹುದು, ಆದರೆ ನಮ್ಮವರ ಕೈಗೆ ಬಂದ ಮೇಲೆ ದುಬಾರಿಯಾಗುತ್ತದೆ.

ಮೊದಲು ಘಾಟಿಯ ಲೆಕ್ಕ. ಜನ, ಸಾಮಾನು ಸೇರಿ 1400 ಕೆಜಿ ತೂಗುವ ಕಾರು 100 ಮೀಟರ್ ಎತ್ತರಕ್ಕೆ ಏರಲು 0.38 ಯೂನಿಟ್ (ಕಿಲೋವಾಟ್-ಅವರ್) ಕರೆಂಟ್ ಬೇಕು. ಇದು ಭೂಮಿಯ ಸೆಳೆತದ ಲೆಕ್ಕ, ಯಾವ ಕಂಪನಿಯೂ ತಪ್ಪಿಸಿಕೊಳ್ಳುವಂತಿಲ್ಲ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಸುಮಾರು 130 ಕಿಮೀ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ. ಕಿಲೋಮೀಟರಿಗೆ 125 ವಾಟ್-ಅವರ್ ಎಂದು ಹಿಡಿದರೆ ದೂರಕ್ಕೆ 16 ಯೂನಿಟ್, ಏರಿಗೆ ಮೋಟರ್-ಇನ್ವರ್ಟರ್ ನಷ್ಟ ಸೇರಿ ಇನ್ನು 4 ಯೂನಿಟ್. ಒಟ್ಟು 20. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಹಾಕುವ ಎಸಿ, ದೀಪ, ವೈಪರ್ ಇದಕ್ಕೆ ಸೇರಿಲ್ಲ. 2022ರಲ್ಲಿ ಬಂದ ಟಾಟಾ ಟಿಯಾಗೊ ಇವಿಯ ಚಿಕ್ಕ ಬ್ಯಾಟರಿ 19.2 ಯೂನಿಟ್, 2023ರ ಎಂಜಿ ಕಾಮೆಟ್‌ನದು 17.3. ಈ ಗಾತ್ರ ತಪ್ಪು ಎಂದು ನಾವು ಹೇಳುತ್ತಿಲ್ಲ. ಕಾರಿನ ಬೆಲೆಯಲ್ಲಿ ಮೂರನೇ ಒಂದು ಭಾಗದ ಆಸುಪಾಸು ಬ್ಯಾಟರಿಯದೇ ಆಗಿರುವಾಗ, ಅಗ್ಗದ ಕಾರಿಗೆ ಚಿಕ್ಕ ಬ್ಯಾಟರಿಯೇ ಸರಿ. ಬೇಲೂರಿನಿಂದ ಚಿಕ್ಕಮಗಳೂರಿಗೆ, ಆಲೂರಿನಿಂದ ಹಾಸನಕ್ಕೆ ದಿನಾ ಓಡಾಡುವವರಿಗೆ 20 ಯೂನಿಟ್ ಧಾರಾಳ. ಆದರೆ ಚಿಕ್ಕ ಬ್ಯಾಟರಿ ಕೊಟ್ಟವರು ಎರಡು ವಿಷಯ ಕಿತ್ತುಕೊಳ್ಳಬಾರದು.

ಒಂದು, ಡಿಸಿ ಫಾಸ್ಟ್ ಚಾರ್ಜಿಂಗ್ ಸಾಕೆಟ್. ಕಡಿಮೆ ಬೆಲೆಯ ಮಾದರಿಯಲ್ಲಿ ಸಿಸಿಎಸ್-2 ಎಂಬ ಈ ಸಾಕೆಟ್ ತೆಗೆದು ಹಣ ಉಳಿಸುವ ಯೋಚನೆ ನಗರಕ್ಕೆ ಹೊಂದಬಹುದು. ಇಲ್ಲಿ ಅದಿಲ್ಲದ ಕಾರು ಘಾಟಿ ಕೆಳಗೆ ಹೋದರೆ ಅಂದೇ ವಾಪಸಾಗುವಂತಿಲ್ಲ. 20 ಕಿಲೋವಾಟ್‌ನಲ್ಲಿ ಕಾಲು ಗಂಟೆ ನಿಂತರೆ 5 ಯೂನಿಟ್ ಸಿಗುತ್ತದೆ, ಘಾಟಿಯ ಏರಿಗೆಂದೇ ಹೆಚ್ಚಿಗೆ ಬೇಕಾಗುವ 4 ಯೂನಿಟ್ ತುಂಬಲು ಅಷ್ಟು ಸಾಕು. ಚಾರ್ಜಿಂಗ್ ಪಾಲುದಾರರಿಗೂ ಇಲ್ಲೊಂದು ಮಾತು: ಚಾರ್ಜರ್ ಬೇಕಾಗಿರುವುದು ಘಾಟಿಯ ಬುಡದಲ್ಲಿ. ಶಿರಾಡಿಗೆ ನೆಲ್ಯಾಡಿ, ಗುಂಡ್ಯದ ಹತ್ತಿರ, ಚಾರ್ಮಾಡಿಗೆ ಉಜಿರೆಯ ಕಡೆ. ಪ್ರವಾಸಿಗರು ತಂಗುವ ಮೇಲಿನ ರೆಸಾರ್ಟ್‌ಗಳಲ್ಲಿ ಎಷ್ಟು ಹಾಕಿದರೂ ಹತ್ತಿ ಬರಲು ಶಕ್ತಿಯಿಲ್ಲದ ಗಾಡಿಗೆ ಪ್ರಯೋಜನವಿಲ್ಲ.

ಎರಡು, ರೇಂಜ್ ಲೆಕ್ಕ ಹಾಕುವ ಸಾಫ್ಟ್‌ವೇರ್. ಪ್ರಮಾಣಪತ್ರದ ರೇಂಜನ್ನು ರೋಲರ್ ಮೇಲೆ ಅಳೆಯುತ್ತಾರೆ, ಅಲ್ಲಿ ಏರು ಎಂಬುದೇ ಇಲ್ಲ. ಡ್ಯಾಶ್‌ಬೋರ್ಡ್‌ನ ಲೆಕ್ಕವಂತೂ ಹಿಂದಿನ ಕೆಲವು ಕಿಲೋಮೀಟರಿನ ಸರಾಸರಿ ನೋಡಿ ಮುಂದಿನದನ್ನು ಊಹಿಸುತ್ತದೆ. ಉಪ್ಪಿನಂಗಡಿಯವರೆಗೆ ಸಲೀಸಾಗಿ ಬಂದ ಕಾರು 60 ಕಿಮೀ ಉಳಿದಿದೆ ಎಂದು ತೋರಿಸುತ್ತದೆ, ಏರು ಶುರುವಾದ ಕೂಡಲೇ ಒಂದು ಕಿಮೀ ಓಡಿದರೆ ಮೂರು ಕಿಮೀ ಇಳಿಯುತ್ತದೆ. ನಕ್ಷೆಯಲ್ಲಿ ಎತ್ತರದ ಮಾಹಿತಿ ಇದ್ದೇ ಇದೆ. ಹೋಗಬೇಕಾದ ಊರು ಹಾಕಿದಾಗ ಏರಿನ ಯೂನಿಟ್ ಕೂಡಿಸಿ ತೋರಿಸಲು ಹೊಸ ಬಿಡಿಭಾಗವೇನೂ ಬೇಡ, ನಾಲ್ಕು ಸಾಲು ಲೆಕ್ಕ ಸಾಕು.

ಇಳಿಯುವುದು ಹತ್ತುವುದಕ್ಕಿಂತ ಗಂಭೀರ. ಅಗ್ಗದ ಕಾರುಗಳಿಗೆ ಈಗ ಎಲ್ಲರೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಕಡೆ ಹೊರಳುತ್ತಿದ್ದಾರೆ. ಒಳ್ಳೆಯದೇ: ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ಬೆಂಕಿಯ ಭಯವೂ ಕಡಿಮೆ. ಆದರೆ ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜ್ ನಡುಭಾಗದಲ್ಲಿ ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ. 30% ಇದ್ದರೂ 70% ಇದ್ದರೂ ಸುಮಾರು 3.3 ವೋಲ್ಟ್. ಹಾಗಾಗಿ ಬ್ಯಾಟರಿ ನಿಗಾ ವ್ಯವಸ್ಥೆ, ಅಂದರೆ ಬಿಎಂಎಸ್, ಒಳಗೆ ಹೋದ ಹೊರಗೆ ಬಂದ ಕರೆಂಟನ್ನು ಎಣಿಸಿಯೇ ಶೇಕಡಾ ತೋರಿಸಬೇಕು. ಕರೆಂಟ್ ಸೆನ್ಸರಿನ ಸಣ್ಣ ತಪ್ಪು ದಿನ ದಿನ ಕೂಡಿಕೊಳ್ಳುತ್ತಾ ಹೋಗುತ್ತದೆ. ಅದನ್ನು ಸರಿಪಡಿಸಲು ಆಗಾಗ 100% ಚಾರ್ಜ್ ಮಾಡಿ ಎಂದು ಕೈಪಿಡಿ ಹೇಳುತ್ತದೆ.

ಸಕಲೇಶಪುರದವರು ಆ ಮಾತು ಕೇಳಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಗ್ಗೆ ಶಿರಾಡಿ ಇಳಿಯುತ್ತಾರೆ ಎಂದಿಟ್ಟುಕೊಳ್ಳಿ. ತುಂಬಿದ ಬ್ಯಾಟರಿ ರೀಜನ್ ಕರೆಂಟ್, ಅಂದರೆ ಇಳಿಯುವಾಗ ಮೋಟರೇ ಗಾಡಿಯನ್ನು ತಡೆದು ಹುಟ್ಟಿಸುವ ಕರೆಂಟ್, ತೆಗೆದುಕೊಳ್ಳುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ಹಿಡಿಯುತ್ತದೆಂದು ರೂಢಿಯಾದ ಕಾಲಿಗೆ ಹಿಡಿತ ಸಿಗುವುದಿಲ್ಲ. ಪೆಟ್ರೋಲ್ ಕಾರಾದರೆ ಎರಡನೇ ಗೇರಿಗೆ ಇಳಿಸಬಹುದಿತ್ತು, ಇಲ್ಲಿ ಬದಲಿಸಲು ಗೇರೂ ಇಲ್ಲ. 6% ಇಳಿಜಾರಿನಲ್ಲಿ ಗಂಟೆಗೆ 40 ಕಿಮೀ ವೇಗ ಕಾಯ್ದುಕೊಳ್ಳಲು ಬ್ರೇಕ್ ಒಂದೇ ಸುಮಾರು 7 ಕಿಲೋವಾಟ್ ಶಾಖ ಹೊರಹಾಕಬೇಕು. ನಮ್ಮ ಹವೆಯಲ್ಲಿ ಬ್ರೇಕ್ ಆಯಿಲ್ ತೇವ ಹೀರುತ್ತದೆ. ಹೊಸ ಡಾಟ್-4 ಆಯಿಲ್ 230 ಡಿಗ್ರಿಯವರೆಗೆ ಕುದಿಯದಿದ್ದರೂ ತೇವ ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಆದ್ದರಿಂದ ಮೂರು ಕೆಲಸ ಆಗಬೇಕು. "ರೀಜನ್ ಇದೆಯಲ್ಲ" ಎಂದು ಬ್ರೇಕ್ ಡಿಸ್ಕ್ ಚಿಕ್ಕದು ಮಾಡಬೇಡಿ. ರೀಜನ್ ಸೊನ್ನೆ, ಲೋಡ್ ಪೂರ್ತಿ ಎಂಬ ಸ್ಥಿತಿಗೇ ಬ್ರೇಕ್ ಅಳತೆ ಮಾಡಿ. ಚಾರ್ಜ್ ಮಿತಿಯನ್ನು 90%ಕ್ಕೆ ನಿಲ್ಲಿಸುವ ಬಟನ್ ಆ್ಯಪ್‌ನಲ್ಲಷ್ಟೇ ಅಲ್ಲದೆ ಗಾಡಿಯಲ್ಲೇ ಕೊಡಿ. ಶಿರಾಡಿ ಇಳಿಯುವಾಗ ಉರುಳುವ ನಷ್ಟ ಕಳೆದು ಬ್ಯಾಟರಿಗೆ ವಾಪಸ್ ಬರುವುದು ಒಂದರಿಂದ ಒಂದೂವರೆ ಯೂನಿಟ್, 20 ಯೂನಿಟ್ ಬ್ಯಾಟರಿಯಲ್ಲಿ 10% ಖಾಲಿ ಇದ್ದರೆ ಅದಕ್ಕೆ ಜಾಗ ಸಾಕು. ಮೂರನೆಯದು ಬಿಎಂಎಸ್ ಪೂರೈಕೆದಾರರ ಕೆಲಸ: ತಾಪಮಾನಕ್ಕೆ ತಕ್ಕಂತೆ ತಿದ್ದಿಕೊಳ್ಳುವ, ಕರೆಂಟ್ ಅಳೆಯುವ ಶಂಟ್ ಸೆನ್ಸರ್ ಹಾಕಿ. ಅಗ್ಗದ ಸೆನ್ಸರಿನ ಪರಿಣಾಮ ಕಾಣುವುದು ಏರಿನಲ್ಲಿ. ಪರದೆ 15% ತೋರಿಸುತ್ತಿರುತ್ತದೆ, ಏರಿನ 13 ಕಿಲೋವಾಟ್ ಎಳೆತಕ್ಕೆ ದುರ್ಬಲವಾದ ಒಂದು ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಶೇಕಡಾ ಒಮ್ಮೆಲೇ 3ಕ್ಕೆ ಇಳಿದು ಗಾಡಿ ಆಮೆ ನಡಿಗೆಗೆ ಬರುತ್ತದೆ. ಮಾರನಹಳ್ಳಿಯ ಕೆಳಗಿನ ತಿರುವಿನಲ್ಲಿ, ಹಿಂದೆ ಟ್ಯಾಂಕರ್ ಸಾಲು ಇರುವಾಗ, ಹೀಗಾಗಬಾರದು.

ತೋಟದ ರಸ್ತೆ ಇನ್ನೊಂದು ಬಗೆ. ಗೇಟಿನಿಂದ ಮನೆಗೆ ಹೋಗುವ 20% ಏರು ಇಲ್ಲಿ ಅಪರೂಪವಲ್ಲ. 1400 ಕೆಜಿ ಗಾಡಿ ಅಲ್ಲಿ ನಿಂತು ಹೊರಡಲು ಚಕ್ರದ ಬಳಿ ಸುಮಾರು 750 ನ್ಯೂಟನ್-ಮೀಟರ್ ಬೇಕು, 9ರ ಗೇರ್ ಅನುಪಾತದಲ್ಲಿ ಮೋಟರಿಗೆ 85ರ ಹತ್ತಿರ. ಅಷ್ಟು ಬಲ ಈಗಿನ ಚಿಕ್ಕ ಮೋಟರುಗಳಲ್ಲೂ ಇದೆ. ತೊಂದರೆ ಹಿಡಿತದ್ದು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಹಲವು ಕಾರುಗಳಲ್ಲಿ ಎಳೆಯುವ ಚಕ್ರ ಮುಂದೆ ಇರುತ್ತದೆ, ಜುಲೈಯಲ್ಲಿ ನೆಲದ ಮೇಲೆ ಪಾಚಿ, ಕೊಳೆತ ಸಿಲ್ವರ್ ಮರದ ಎಲೆ. ಮುಂದಿನ ಚಕ್ರ ತಿರುಗಿದಲ್ಲೇ ತಿರುಗುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಮೋಟರನ್ನೇ ಪೂರ್ತಿ ತಡೆದು ಗಾಡಿ ಹಿಂದೆ ಜಾರುತ್ತದೆ. ಹಿಂದಿನ ಚಕ್ರದ ಚಾಲನೆ ಕೊಡಲು ಸಾಧ್ಯವಾದರೆ ಬಲು ಉತ್ತಮ. ಆಗದಿದ್ದರೆ ತಿರುಗುತ್ತಿರುವ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುವ ಏರ್ಪಾಡು ಮಾಡಿ. ನೆಲದಿಂದ ಎತ್ತರವನ್ನೂ ಖಾಲಿ ಗಾಡಿಯಲ್ಲಿ ಅಳೆದು ಹೇಳಬೇಡಿ. ನಾಲ್ಕು ಜನ, ಹಿಂದೆ ಒಂದು 50 ಕೆಜಿ ಕಾಫಿ ಚೀಲ ಇಟ್ಟು ಅಳೆಯಿರಿ. ಬ್ಯಾಟರಿ ಇರುವುದೇ ತಳದಲ್ಲಿ, ಕಲ್ಲು ಬಡಿಯುವುದೂ ಅಲ್ಲಿಗೇ. ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಉಕ್ಕಿನ ತಟ್ಟೆ ಅಡಿಗೆ ಇದ್ದರೆ ಪೆಟ್ಟು ಅದಕ್ಕೆ ಬೀಳುತ್ತದೆ, ಬ್ಯಾಟರಿ ಪೆಟ್ಟಿಗೆ ಉಳಿಯುತ್ತದೆ.

ಇನ್ನು ಚಾರ್ಜಿಂಗ್. ಇದರ ಬಗ್ಗೆ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ನಮ್ಮ ಕಡೆ ಕಾರಿಗಿಂತ ಮೊದಲು ಸೋಲುವುದು ಮನೆಯ ಲೈನ್.

ಹಾಸನ ಜಿಲ್ಲೆಗೆ ಕರೆಂಟ್ ಕೊಡುವುದು ಚಾಮುಂಡೇಶ್ವರಿ ನಿಗಮ, ಚಿಕ್ಕಮಗಳೂರಿಗೆ ಮೆಸ್ಕಾಂ. ಕಂಪನಿ ಯಾವುದಾದರೂ ಕಾಡು, ತೋಟದ ನಡುವೆ ಹೋಗುವ ಉದ್ದನೆಯ ತಂತಿಯ ಗುಣ ಒಂದೇ: ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಸಂಜೆ ಹೊತ್ತಿಗೆ ಕೊನೆಯ ಮನೆಯಲ್ಲಿ 180 ವೋಲ್ಟ್ ಇರುವುದು ಹೊಸದೇನಲ್ಲ. ನಿಮ್ಮ 3.3 ಕಿಲೋವಾಟ್ ಚಾರ್ಜರ್ 230 ವೋಲ್ಟ್‌ನಲ್ಲಿ 14 ಆಂಪ್ ಚಿಲ್ಲರೆ ಎಳೆಯುತ್ತದೆ, 180ರಲ್ಲಿ ಅಷ್ಟೇ ಶಕ್ತಿ ಬೇಕೆಂದರೆ 18 ಆಂಪ್ ದಾಟಬೇಕು. ಮನೆಯ ಪವರ್ ಸಾಕೆಟ್ ಗಂಟೆಗಟ್ಟಲೆ ಅಷ್ಟು ತಡೆಯುವುದಿಲ್ಲ. ಗೀಸರ್ 15 ನಿಮಿಷದ ಕೆಲಸ, ಕಾರು 6-7 ಗಂಟೆಯದು. ಸಾಕೆಟ್ಟಿನ ಹಿಡಿತ ಸಡಿಲವಾಗಿ 0.1 ಓಮ್ ತಡೆ ಬಂದರೂ 15 ಆಂಪ್‌ನಲ್ಲಿ 22 ವಾಟ್ ಶಾಖ ಆ ಚಿಕ್ಕ ಪಿನ್ನಿನಲ್ಲೇ ಹುಟ್ಟುತ್ತದೆ. ಮೊದಲು ಪ್ಲಗ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಆದ್ದರಿಂದ ಕಾರಿನ ಜೊತೆ ಕೊಡುವ ಕೇಬಲ್ಲಿನ ಪ್ಲಗ್ ಒಳಗೇ ತಾಪಮಾನದ ಸೆನ್ಸರ್ ಇರಬೇಕು, ಬಿಸಿ ಹೆಚ್ಚಾದರೆ ಕರೆಂಟ್ ತಾನೇ ತಗ್ಗಬೇಕು.

ಕೇಬಲ್ ಪೆಟ್ಟಿಗೆಯ ಮೇಲೆ 6, 8, 10, 13, 16 ಆಂಪ್ ಆರಿಸುವ ಬಟನ್ ಬೇಕೇ ಬೇಕು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಆ್ಯಪ್ ತೆರೆದು ಆರಿಸುವುದು ಆಗದ ಮಾತು. 200 ವೋಲ್ಟ್‌ನಲ್ಲಿ 6 ಆಂಪ್ ಎಂದರೂ ರಾತ್ರಿ 10 ಗಂಟೆಯಲ್ಲಿ 12 ಯೂನಿಟ್ ಎಳೆದು, ನಷ್ಟ ಕಳೆದು 10 ಯೂನಿಟ್ ಬ್ಯಾಟರಿಗೆ ಸೇರುತ್ತದೆ. ಸುಮಾರು 80 ಕಿಮೀ ಓಡಲು ಅದು ಸಾಕು. ಬಹುಪಾಲು ಜನರಿಗೆ ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಈ ಒಂದು ಬಟನ್‌ನಿಂದ ಉಳಿಯುವ ಸಾಕೆಟ್ಟು, ಫ್ಯೂಸುಗಳಿಗೆ ಲೆಕ್ಕವಿಲ್ಲ.

ಹಳ್ಳಿಗಳಲ್ಲಿ 25 ಕೆವಿಎ ಟಿಸಿ ಸಾಮಾನ್ಯ. ಏಳು ಕಾರು ಒಟ್ಟಿಗೆ 3.3 ಕಿಲೋವಾಟ್ ಎಳೆದರೆ ಬೇರೆ ಯಾವ ಮನೆಯ ದೀಪವೂ ಇಲ್ಲದೆ ಅದು ಬಹುತೇಕ ತುಂಬಿಹೋಯಿತು. ಮಳೆಗಾಲದಲ್ಲಿ ಮರ ಬಿದ್ದು ಹೋದ ಕರೆಂಟ್ ವಾಪಸ್ ಬಂದ ಕ್ಷಣ ಫ್ರಿಜ್, ಮೋಟರ್, ಇನ್ವರ್ಟರ್ ಎಲ್ಲ ಒಟ್ಟಿಗೆ ಎಳೆಯುತ್ತವೆ. ಆ ಹೊತ್ತಿಗೆ ಕಾರೂ ಸೇರಿದರೆ ಲೈನ್‌ಮನ್ ಮತ್ತೆ ಮಳೆಯಲ್ಲಿ ಬಂದು ಫ್ಯೂಸ್ ಹಾಕಬೇಕು. ಕರೆಂಟ್ ಬಂದು 5ರಿಂದ 15 ನಿಮಿಷದೊಳಗೆ, ಒಂದೊಂದು ಕಾರು ಒಂದೊಂದು ಹೊತ್ತಿಗೆ, ತಾನೇ ಚಾರ್ಜಿಂಗ್ ಮುಂದುವರಿಸುವಂತೆ ಮಾಡಿ. ಈಗ ಕೆಲವು ಚಾರ್ಜರ್‌ಗಳು ಕರೆಂಟ್ ಹೋಗಿ ಬಂದರೆ ಮತ್ತೆ ಶುರುವಾಗುವುದೇ ಇಲ್ಲ, ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ಎಷ್ಟಿತ್ತೋ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಅಪಾಯ ನ್ಯೂಟ್ರಲ್ ಕಟ್. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಕಡಿಮೆ ಲೋಡ್ ಇರುವ ಮನೆಗೆ 230ರ ಬದಲು 400 ವೋಲ್ಟ್‌ನ ಹತ್ತಿರ ಬಂದುಬಿಡುತ್ತದೆ. ಏಪ್ರಿಲ್–ಮೇ ತಿಂಗಳ ಸಿಡಿಲಿನದು ಇನ್ನೊಂದು ಕಾಟ. ಇವೆರಡೂ ಸುಡುವುದು ಕಾರಿನೊಳಗಿನ ಚಾರ್ಜರನ್ನು. ಅದು ಸೀಲ್ ಆದ ಪೆಟ್ಟಿಗೆ, ಒಳಗೆ ಹೆಚ್ಚಿನ ವೋಲ್ಟೇಜ್ ತಡೆಯುವ ಒಂದು ಚಿಕ್ಕ ವ್ಯಾರಿಸ್ಟರ್ ಸುಟ್ಟಿದ್ದರೂ ಇಡೀ ಪೆಟ್ಟಿಗೆ ಬದಲಿಸಬೇಕೆನ್ನುತ್ತಾರೆ. ಚಾರ್ಜರ್ ತಯಾರಿಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ: 270 ವೋಲ್ಟ್ ದಾಟಿದರೆ ರಿಲೇ ಬಿಡಬೇಕು, 440 ವೋಲ್ಟ್ ಬಂದರೂ ತಾಳಿಕೊಳ್ಳಬೇಕು. ಸುಡಲೇಬೇಕಾದ ಭಾಗವನ್ನು ಹೊರಗಿನ ಕೇಬಲ್ ಪೆಟ್ಟಿಗೆಯಲ್ಲಿ, ಸ್ಕ್ರೂ ಬಿಚ್ಚಿ ಬದಲಿಸುವಂತೆ ಇಡಬೇಕು. ಕೆಲವು ನೂರು ರೂಪಾಯಿಯ ಭಾಗ ಸುಟ್ಟು ಹತ್ತಾರು ಸಾವಿರದ ಚಾರ್ಜರ್ ಉಳಿಯಲಿ.

ಕಾರು ಕೊಳ್ಳುವ ಮನೆಯವರೂ ಇದನ್ನು ಓದುತ್ತಿದ್ದರೆ ಅವರಿಗಾಗಿ: ಮೀಟರ್ ಬೋರ್ಡಿನಿಂದ ಕಾರು ಶೆಡ್ಡಿಗೆ ಪ್ರತ್ಯೇಕ ಲೈನ್ ಎಳೆಸಿ, 4 ಚದರ ಮಿಮೀ ತಾಮ್ರದ ವೈರ್ ಹಾಕಿಸಿ. 60 ಮೀಟರ್ ದೂರಕ್ಕೆ 14 ಆಂಪ್‌ನಲ್ಲಿ ಅದು ಸುಮಾರು 8 ವೋಲ್ಟ್ ಕಳೆಯುತ್ತದೆ, 2.5 ಚದರ ಮಿಮೀ ವೈರ್ 12 ವೋಲ್ಟ್‌ಗೂ ಹೆಚ್ಚು ಕಳೆಯುತ್ತದೆ. 20 ಆಂಪ್ ಎಂಸಿಬಿ, 30 ಮಿಲಿಆಂಪ್‌ನ ಎ-ಟೈಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಮೇನ್ ಬೋರ್ಡಿನಲ್ಲಿ ಸಿಡಿಲು ತಡೆಯುವ ಎಸ್‌ಪಿಡಿ ಹಾಕಿಸಿ. ಅರ್ಥಿಂಗ್ ಬೇರೆಯದೇ ಇರಲಿ. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು, ಜಂಬಿಟ್ಟಿಗೆ ಒಣಗಿದರೆ ಅರ್ಥ್ ಗುಂಡಿ ಹೆಸರಿಗಷ್ಟೇ ಇರುತ್ತದೆ. 5 ಓಮ್‌ಗಿಂತ ಕಡಿಮೆ ಬರುವಂತೆ ಮಾಡಿ, ಮಾರ್ಚ್‌ನಲ್ಲಿ ನೀರು ಹಾಕಿ. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತರೆ ಹತ್ತರಲ್ಲಿ ಹೆಚ್ಚು ಪಾಲು ತಪ್ಪು ಕಾರಿನದಲ್ಲ, ಅರ್ಥಿಂಗಿನದು. ಮಂಜೂರಾದ ಲೋಡ್ 2 ಕಿಲೋವಾಟ್ ಇದ್ದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಡೀಲರ್‌ಗಳು ಕಾರು ಬುಕ್ ಆದ ದಿನವೇ ಎಲೆಕ್ಟ್ರಿಷಿಯನ್ ಕಳಿಸಿ ಇದನ್ನೆಲ್ಲ ನೋಡಿಸಬೇಕು, ಡೆಲಿವರಿಯ ದಿನವಲ್ಲ.

ನೀರಿನ ವಿಷಯದಲ್ಲಿ ಐಪಿ-67 ಎಂದು ಎಲ್ಲರೂ ಬರೆಯುತ್ತಾರೆ. ಹೊಸ ಪೆಟ್ಟಿಗೆಯನ್ನು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸುವ ಪರೀಕ್ಷೆ ಅದು. ನಾಲ್ಕು ತಿಂಗಳ ಮಳೆ, ಕೆಸರು, ಪ್ರೆಷರ್ ವಾಶ್, ಐದು ವರ್ಷ ಹಳೆಯ ರಬ್ಬರ್ ಸೀಲ್ ಅದರಲ್ಲಿ ಇಲ್ಲ. ಕನೆಕ್ಟರಿನೊಳಗೆ ತೇವ ಸೇರಿದರೆ ಬಾಡಿಗೂ ಬ್ಯಾಟರಿಗೂ ನಡುವಿನ ಇನ್ಸುಲೇಷನ್ ಇಳಿಯುತ್ತದೆ. ನಿಯಮದಂತೆ ಡಿಸಿ ಕಡೆ ವೋಲ್ಟಿಗೆ 100 ಓಮ್, ಎಸಿ ಸೇರಿದ ಕಡೆ ವೋಲ್ಟಿಗೆ 500 ಓಮ್ ಇರಬೇಕು. 320 ವೋಲ್ಟ್ ಗಾಡಿಗೆ ಎರಡನೆಯದು 1.6 ಲಕ್ಷ ಓಮ್. ಅದಕ್ಕಿಂತ ಕೆಳಗಿಳಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಆಗಬಾರದು ಕೂಡ. ಆದರೆ ಯಾವ ಕನೆಕ್ಟರಿನಲ್ಲಿ ಸೋರಿದೆ ಎಂದು ಹುಡುಕಲು ಒಂದೊಂದು ಭಾಗವನ್ನೂ ಬೇರ್ಪಡಿಸಿ ಅಳೆಯುವ ಹಂತಗಳನ್ನು ಸ್ಥಳೀಯ ಸರ್ವಿಸ್‌ನವರಿಗೆ ಬರೆದು ಕೊಡಿ, ಇಲ್ಲದಿದ್ದರೆ ಗಾಡಿ ಟ್ರಕ್ ಮೇಲೆ ಬೆಂಗಳೂರಿಗೆ ಹೋಗುತ್ತದೆ. ತೋಟದ ಶೆಡ್ಡಿನ ಇಲಿ, ಹೆಗ್ಗಣಗಳ ಕಾಟವೂ ಚಿಕ್ಕದಲ್ಲ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ಲಿಗೆ ಸ್ಟೀಲ್ ಹೆಣಿಗೆಯ ತೋಳು ಹಾಕಿ. ರೀಜನ್‌ನಿಂದಾಗಿ ಬ್ರೇಕ್ ಕಡಿಮೆ ಬಳಕೆಯಾಗುತ್ತದೆ, ಮಳೆಗೆ ಡಿಸ್ಕ್ ತುಕ್ಕು ಹಿಡಿದು ಕ್ಯಾಲಿಪರ್ ಪಿನ್ ಸಿಕ್ಕಿಕೊಳ್ಳುತ್ತದೆ. ಸರ್ವಿಸ್ ಪಟ್ಟಿಯಲ್ಲಿ ಮೇ ಮತ್ತು ನವೆಂಬರ್‌ನಲ್ಲಿ ಪಿನ್ ಬಿಚ್ಚಿ ಗ್ರೀಸ್ ಹಾಕುವುದನ್ನು ಸೇರಿಸಿ.

ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ನಿಂತುಬಿಡುವ ಇನ್ನೊಂದು ಕಾರಣ ಚಿಕ್ಕ 12 ವೋಲ್ಟ್ ಬ್ಯಾಟರಿ. ಅದು ಸತ್ತರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್, ಅಂದರೆ ಮೇನ್ ಕಾಂಟ್ಯಾಕ್ಟರ್, ಮುಚ್ಚುವುದಿಲ್ಲ, ಬಾಗಿಲೂ ತೆರೆಯದಿರಬಹುದು. ವಿಶೇಷ ಅಳತೆಯದ್ದು ಹಾಕದೆ ಬೇಲೂರು, ಅರಕಲಗೂಡಿನ ಅಂಗಡಿಯಲ್ಲೂ ಸಿಗುವ ಮಾಮೂಲಿ 35 ಎಎಚ್ ಬ್ಯಾಟರಿಗೆ ಜಾಗ ಮಾಡಿ.

ಕೊನೆಯದಾಗಿ ರಿಪೇರಿ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ದೂರ ಓಡುತ್ತಿರಲಿಲ್ಲ, ಆದರೆ ಯಾವುದು ಕೆಟ್ಟಿದೆ ಎಂದು ಮಲ್ಟಿಮೀಟರ್ ಹಿಡಿದು ಹುಡುಕಬಹುದಿತ್ತು. ಇವತ್ತಿನ ಬ್ಯಾಟರಿ ಪೆಟ್ಟಿಗೆಯಲ್ಲಿ ಸೆಲ್ಲುಗಳನ್ನು ಅಂಟು ಸುರಿದು ಕೂರಿಸುತ್ತಾರೆ. ತಯಾರಿಕೆಯ ಖರ್ಚು ಇಳಿಯುತ್ತದೆ ನಿಜ, ಆದರೆ ಒಂದು ಸೆಲ್ ಕೆಟ್ಟರೆ ಪೂರ್ತಿ ಪೆಟ್ಟಿಗೆಯೇ ಹೋಗಬೇಕು. 8 ವರ್ಷ, 1.6 ಲಕ್ಷ ಕಿಮೀ ವಾರಂಟಿ ಇದ್ದವರಿಗೆ ಅದು ಕಾಣುವುದಿಲ್ಲ. ಮಲೆನಾಡಿನಲ್ಲಿ ಅಗ್ಗದ ಕಾರು ಕೊಳ್ಳುವವರು ಎರಡನೇ, ಮೂರನೇ ಕೈಯವರೂ ಹೌದು, ಒಂಬತ್ತನೇ ವರ್ಷದ ಬಿಲ್ ಬರುವುದು ಅವರಿಗೆ. ಬೋಲ್ಟ್ ಬಿಚ್ಚಿ ತೆಗೆಯುವ ಮಾಡ್ಯೂಲ್, ಪ್ರತಿ ಮಾಡ್ಯೂಲಿಗೂ ಪಾರ್ಟ್ ನಂಬರ್, ಅದರ ಬೆಲೆ ಕಾರಿನ ಬೆಲೆಯ ಜೊತೆಗೇ ಪ್ರಕಟ ಆಗಬೇಕು. ಮೋಟರ್ ಬೇರಿಂಗ್, ಕೂಲಂಟ್ ಪಂಪ್, ಕಾಂಟ್ಯಾಕ್ಟರ್‌ಗಳನ್ನು ನೀವೆಲ್ಲ ಒಂದೇ ಪೂರೈಕೆದಾರರಿಂದ ಒಂದೇ ಅಳತೆಯಲ್ಲಿ ತರಿಸಿದರೆ ನಿಮಗೂ ಬೆಲೆ ಇಳಿಯುತ್ತದೆ, ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ದಾಸ್ತಾನು ಇರುತ್ತದೆ. ಇಲ್ಲಿನ ಐಟಿಐಗಳಿಗೆ, ಹಾಸನದಲ್ಲಿ 1960ರಿಂದ ಇರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೆ ತಲಾ ಒಂದು ಕತ್ತರಿಸಿದ ಬ್ಯಾಟರಿ ಪೆಟ್ಟಿಗೆ, ಒಂದು ಇನ್ವರ್ಟರ್, 1000 ವೋಲ್ಟ್ ಕೈಗವಸು, ಇನ್ಸುಲೇಷನ್ ಟೆಸ್ಟರ್ ಕೊಟ್ಟರೆ ನಿಮ್ಮ ಸರ್ವಿಸ್ ಸೆಂಟರ್‌ಗೆ ಬೇಕಾದ ಹುಡುಗರು ಇಲ್ಲೇ ತಯಾರಾಗುತ್ತಾರೆ.

ಮಾದರಿ ಕಾರು ಸಿದ್ಧವಾದಾಗ ಇಲ್ಲಿಗೆ ತನ್ನಿ. ಜುಲೈ ಎರಡನೇ ವಾರ ಬನ್ನಿ, ಡಿಸೆಂಬರ್ ಬೇಡ. ನಾಲ್ಕು ಜನ, ಒಂದು ಚೀಲ ಹಾಕಿ. ಸಕಲೇಶಪುರದಲ್ಲಿ 100% ಮಾಡಿ ಶಿರಾಡಿ ಇಳಿಯಿರಿ, ಗುಂಡ್ಯದಲ್ಲಿ ಡಿಸ್ಕಿನ ಶಾಖ ಅಳೆಯಿರಿ. ಉಜಿರೆಗೆ ಹೋಗಿ 50% ಇರುವಾಗ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬನ್ನಿ, ಪರದೆ ತೋರಿಸಿದ್ದಕ್ಕೂ ಉಳಿದದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆದುಕೊಳ್ಳಿ. ಆ ರಾತ್ರಿ ಮೂಡಿಗೆರೆ ಕಡೆಯ ಯಾವುದಾದರೂ ತೋಟದ ಮನೆಯಲ್ಲಿ, ಲೈನಿನ ಕೊನೆಯ ಕಂಬದಿಂದ ಚಾರ್ಜಿಗೆ ಹಾಕಿ ಬೆಳಗಿನವರೆಗೆ ಬಿಡಿ. ವೋಲ್ಟ್ ಮೀಟರ್, ಕ್ಲಾಂಪ್ ಮೀಟರ್, ಅರ್ಥ್ ಟೆಸ್ಟರ್ ಹಿಡಿದು ನಾವು ಜೊತೆಗಿರುತ್ತೇವೆ.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗ್ಯಾರೇಜ್ ಮೆಕ್ಯಾನಿಕ್‌ಗಳು, ಆಟೋ ಎಲೆಕ್ಟ್ರಿಷಿಯನ್‌ಗಳು ಮತ್ತು ವೈರಿಂಗ್ ಕೆಲಸದವರು